ನಾಲ್ಕು ದಿನ ಸುಮ್ಮನಿದ್ದವರು

(ವಯಸ್ಸು, ವಿಭಾಗ, ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಜನವರಿಯ ಒಂದು ಶನಿವಾರ ಹಾಸನದಲ್ಲಿ ನಾನು ಆಪ್ತಸಮಾಲೋಚನೆ ನಡೆಸುವ ಕೋಣೆಗೆ ಗಂಡ ಹೆಂಡತಿ ಬಂದರು. ಗಂಡನಿಗೆ ನಲವತ್ತಾರು. ದೊಡ್ಡ ಕಾಫಿ ಕಂಪನಿಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಇಪ್ಪತ್ತು ವರ್ಷದ ಸರ್ವಿಸ್. ಮಾತು ಶುರು ಮಾಡಿದ್ದು ಹೆಂಡತಿ. "ರಾತ್ರಿ ಎರಡು ಗಂಟೆಗೆ ಎದ್ದು ಹಾಲ್‌ನಲ್ಲಿ ಕೂತಿರ್ತಾರೆ ಮೇಡಂ. ಕೇಳಿದ್ರೆ ಏನಿಲ್ಲ ಅಂತಾರೆ."

ಕಂಪನಿ ಹೋದ ವರ್ಷ ಲೋ-ಕೋಡ್ ತಂದಿತ್ತು. ಪ್ರೋಗ್ರಾಂ ಬರೆಯುತ್ತಾ ಕೂರುವ ಬದಲು ಬಟನ್, ಫಾರಂ, ಪಟ್ಟಿಗಳನ್ನು ಪರದೆ ಮೇಲೆ ಎಳೆದು ಕೂರಿಸಿ ಆ್ಯಪ್ ಮಾಡುವ ಏರ್ಪಾಡು. ಇವರ ಕಡೆ ಮೈಕ್ರೋಸಾಫ್ಟಿನ ಪವರ್ ಆ್ಯಪ್ಸ್. ಲೆಕ್ಕಪತ್ರದವರು, ಸ್ಟೋರ್ಸ್‌ನವರು, ಯಾರು ಬೇಕಾದರೂ ಮಾಡಬಹುದು ಅಂತ ಆದೇಶ. ಮೂರು ತಿಂಗಳು ಬೇಕು ಎಂದು ಇವರು ಹೇಳಿದ್ದ ಗೇಟ್ ಎಂಟ್ರಿ (ಗೇಟಿಗೆ ಬಂದ ಸರಕನ್ನು ದಾಖಲಿಸುವ) ಆ್ಯಪಿನ ಕೆಲಸವನ್ನು ಸ್ಟೋರ್ಸ್‌ನ ಹುಡುಗಿಯೊಬ್ಬಳು ಒಂದು ವಾರದಲ್ಲಿ ಮುಗಿಸಿದಳು. ಮೀಟಿಂಗಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಇವರೂ ತಟ್ಟಿದರು.

ಕೆಲಸ ಹೋಗುವ ಭಯ ಅಂದುಕೊಂಡೆ. ಮೊದಲ ದಿನ ಪೂರ್ತಿ ಆ ದಾರೀಲೇ ಹೋದೆ: ಮನೆ ಸಾಲ, ಮಗನ ಫೀಸು. ಎಲ್ಲದಕ್ಕೂ ಸಪ್ಪಗೆ ಉತ್ತರ ಕೊಟ್ಟರು. ಎದ್ದು ಹೋಗಿ ಚಪ್ಪಲಿ ಹಾಕಿಕೊಳ್ಳುವಾಗ ಹೇಳಿದರು, "ಮುಂಚೆ ನನ್ನ ಟೇಬಲ್ ಹತ್ರ ಯಾರಾದ್ರೂ ನಿಂತೇ ಇರ್ತಿದ್ರು. ಸರ್, ಒಂದು ರಿಪೋರ್ಟ್ ಬೇಕಿತ್ತು ಅಂತ. ಈಗ ಯಾರೂ ಬರಲ್ಲ." ಒಳಗೆ ಕೂತು ಆಡದ ಮಾತು ಬಾಗಿಲ ಹತ್ರ ಬರುವುದು ನನಗೆ ಹೊಸದಲ್ಲ. ಆದರೂ ಅವತ್ತು ನನ್ನ ಮೇಲೆ ನನಗೇ ಬೇಜಾರಾಯಿತು.

ಮುಂದಿನ ವಾರ ಒಬ್ಬರೇ ಬಂದರು. ನನ್ನ ಪ್ಯಾಡಿನ ಹಾಳೆ ಹರಿದುಕೊಂಡು ಒಂದು ಚೌಕ ಬರೆದು, ಪಕ್ಕದಲ್ಲಿ 500 ಎಂದು ಬರೆದರು. ಕೆಲವು ಬಗೆಯ ಹುಡುಕಾಟವನ್ನು ಆ್ಯಪ್ ಮೂಲ ಪಟ್ಟಿಗೆ ಬಿಡದೆ ತಾನೇ ಮಾಡುತ್ತದಂತೆ. ಆಗ ಮೊದಲ 500 ಸಾಲು ಮಾತ್ರ ತಂದುಕೊಂಡು ಅದರಲ್ಲೇ ಹುಡುಕುತ್ತದೆ. ಸೆಟ್ಟಿಂಗ್ ಬದಲಿಸಿದರೂ 2000ದ ಮೇಲೆ ಹೋಗದು. ಆ್ಯಪ್ ಮಾಡುವವರಿಗೆ ಒಂದು ಹಳದಿ ತ್ರಿಕೋನ ತೋರಿಸುತ್ತದೆ. ಬಳಸುವವರಿಗೆ ಏನೂ ಗೊತ್ತಾಗಲ್ಲ. ಹುಡುಗಿ ಅಕ್ಟೋಬರಿನಲ್ಲಿ ಪರೀಕ್ಷೆ ಮಾಡಿದಾಗ ಇದ್ದದ್ದು ನಲವತ್ತು ಸಾಲು. ತ್ರಿಕೋನವನ್ನು ಹಾಗೇ ಬಿಟ್ಟಿದ್ದಳು.

ಕೊಯ್ಲು ಜೋರಾಗಿ ಸಾಲು ಐನೂರು ದಾಟಿತು. ಸಕಲೇಶಪುರದ ಕಡೆಯ ಬೆಳೆಗಾರರೊಬ್ಬರು ಗೇಟಿನಲ್ಲಿ ನಿಂತು, ಸೋಮವಾರ ಇಳಿಸಿದ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ ಬೀಜ) ಮೂಟೆ ಎಲ್ಲಿ ಎಂದು ಕೇಳುತ್ತಿದ್ದರು. ಗೇಟಿನವನು ಮೊಬೈಲ್ ತಿರುಗಿಸಿ ತೋರಿಸಿ, "ಬಂದೇ ಇಲ್ವಲ್ಲ ಸರ್" ಅಂದ. ಮೂಟೆ ಗೋಡೌನಿನಲ್ಲಿತ್ತು, ಎಂಟ್ರಿ ಪಟ್ಟಿಯಲ್ಲಿತ್ತು, ಹುಡುಕಿದರೆ ಮಾತ್ರ ಇರಲಿಲ್ಲ. ಟೀ ಕುಡಿಯಲು ಹೋಗಿದ್ದ ಇವರಿಗೆ ಅಲ್ಲೇ ನಿಂತು ಕಾರಣ ಹೊಳೆಯಿತು. ಅರ್ಧ ಗಂಟೆಯ ಕೆಲಸ. ಟೀ ಮುಗಿಸಿ ಸೀಟಿಗೆ ಬಂದು ಕೂತರು. ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಐದನೇ ದಿನ ಬೇರೆ ಯಾರೋ ಕಂಡುಹಿಡಿದರು.

"ಅವಳು ಬೀಳಲಿ ಅಂತ ಅಲ್ಲ ಮೇಡಂ. ಬಂದು ನನ್ನನ್ನ ಕೇಳಲಿ ಅಂತ."

ನಿದ್ದೆ ಕೆಡಿಸಿದ್ದು ಇದು. ಲೋ-ಕೋಡ್ ಅಲ್ಲ.

ನಿಮ್ಮ ಕೆಲಸ ಎಲ್ಲೂ ಹೋಗಲ್ಲ ಎಂದು ನಾನು ಹೇಳಲಿಲ್ಲ. ಅದು ನನಗೆ ಗೊತ್ತಿಲ್ಲದ ವಿಷಯ. ನೀವು ಕೆಲಸಕ್ಕೆ ಸೇರಿದಾಗ ಏನು ತಂದಿರಿ ಎಂದು ಕೇಳಿದೆ. ವಿಷುಯಲ್ ಬೇಸಿಕ್ ಎಂಬ ಪ್ರೋಗ್ರಾಂ ಭಾಷೆ ಅಂದರು. ಅದರಲ್ಲೂ ಬಟನ್ ಎಳೆದು ಕೂರಿಸುವುದೇ. ಅದಕ್ಕೂ ಹಳೆಯ ಫಾಕ್ಸ್‌ಪ್ರೋ ಭಾಷೆಯಲ್ಲಿ ಪಳಗಿದ ಆಗಿನ ಸೀನಿಯರ್ ಒಬ್ಬರು ಅದನ್ನು ಆಟದ ಸಾಮಾನು ಎನ್ನುತ್ತಿದ್ದರಂತೆ. ಹೇಳುತ್ತಾ ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸಲಹೆ ಹೀಗಿತ್ತು. ಮೊದಲು ಹುಡುಗಿಯ ಹತ್ರ ಮಾತಾಡಿ, ಮ್ಯಾನೇಜರ್ ಆಮೇಲೆ. ಅವಳಿಗೆ ಪಾಠ ಹೇಳಲು ಹೋಗಬೇಡಿ, ಗೊತ್ತಿದ್ದೂ ಸುಮ್ಮನಿದ್ದೆ ಅನ್ನುವುದನ್ನು ಹೇಳಿ. ಇಷ್ಟು ಹೇಳಿಸಬೇಕಿತ್ತಾ ಎಂಬ ಅನುಮಾನ ನನಗೆ ಈಗಲೂ ಇದೆ. ಆಮೇಲೆ ಮ್ಯಾನೇಜರ್ ಹತ್ರ ಒಂದೇ ವಿಷಯ ಕೇಳಿ, ಬರಹದಲ್ಲಿ. ಯಾವುದೇ ಆ್ಯಪ್ ಎಲ್ಲರ ಕೈಗೆ ಹೋಗುವ ಮುಂಚೆ ಒಬ್ಬರು ನೋಡಬೇಕು: ಯಾರ ಮಾಹಿತಿ, ಎಷ್ಟು ಸಾಲು ಬರಬಹುದು, ಮಾಡಿದವರು ಕೆಲಸ ಬಿಟ್ಟರೆ ಯಾರ ಸುಪರ್ದಿ. ಆ ನೋಡುವ ಕೆಲಸ ನನಗೆ ಕೊಡಿ ಎನ್ನಿ. ಜೊತೆಗೆ ನೀವೂ ಒಂದು ಸಣ್ಣ ಆ್ಯಪ್ ಮಾಡಿ, ಯಾರಿಗೂ ತೋರಿಸದಿದ್ದರೂ ಪರವಾಗಿಲ್ಲ. ಸಂಜೆ ನಾಲ್ಕರ ಮೇಲೆ ಕಾಫಿ ಬೇಡ ಅಂದಾಗ ಮಾತ್ರ ಜಗಳಕ್ಕೇ ಬಂದರು, ಕಾಫಿ ಸೀಮೆಯವರಲ್ವಾ. ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ ಕರೆ ಮಾಡಿ ಎಂದು 14416 ನಂಬರನ್ನು ಹೆಂಡತಿಗೂ ಬರೆದುಕೊಟ್ಟೆ.

ಮೂರನೇ ಭೇಟಿಗೆ ಬಂದಾಗ ಮುಖ ಇನ್ನೂ ಬಾಡಿತ್ತು. ಹುಡುಗಿ, "ನಾಲ್ಕು ದಿನ ಸುಮ್ನಿದ್ರಾ ಸರ್?" ಎಂದು ಕೇಳಿ ಎದ್ದು ಹೋಗಿದ್ದಳು. ಎರಡು ವಾರ ಮಾತಿಲ್ಲ. ಮ್ಯಾನೇಜರ್ ನೋಡೋಣ ಅಂದಿದ್ದಾರೆ, ಬರಹದಲ್ಲಿ ಏನೂ ಬಂದಿಲ್ಲ. ನಿದ್ದೆ ಮಾತ್ರ ರಾತ್ರಿಗೆ ಐದು ಗಂಟೆಯಷ್ಟಾಗಿದೆ.

ಹೊರಡುವಾಗ, ಮತ್ತೆ ಬಾಗಿಲ ಹತ್ರಾನೇ, ಫೋನ್ ತೆಗೆದು ತೋರಿಸಿದರು. ಹಿಂದಿನ ರಾತ್ರಿ ಹುಡುಗಿ ಒಂದು ಫೋಟೋ ಕಳಿಸಿದ್ದಳು. ಬೇರೆ ಯಾವುದೋ ಆ್ಯಪು, ಮೂಲೆಯಲ್ಲಿ ಹಳದಿ ತ್ರಿಕೋನ. ಜೊತೆಗೆ ಒಂದಕ್ಷರ ಬರೆದಿರಲಿಲ್ಲ. ಇವರೂ ಇನ್ನೂ ಉತ್ತರ ಕೊಟ್ಟಿರಲಿಲ್ಲ. ಮುಂದಿನ ಭೇಟಿ ಕಾಫಿ ಗಿಡ ಹೂ ಬಿಡಲು ಬರುವ ಹೂಮಳೆ ಹೊತ್ತಿಗೆ.