ಎಂಜಿಬಿಗೆ ಅಗಲದ ಟೈರು: ಹಾಕುವ ಮುನ್ನ ಕಳಚುವುದನ್ನು ಯೋಚಿಸಿ

ಇಂಗ್ಲೆಂಡಿನಲ್ಲಿ ನೀವು ಓಡಿಸುವುದು 1972ರ ಎಂಜಿಬಿ ಜಿಟಿ (ಬ್ರಿಟನ್ನಿನ ಹಳೆಯ ಸ್ಪೋರ್ಟ್ಸ್ ಕಾರು), ತಂತಿ ಕಡ್ಡಿಗಳ ಚಕ್ರ, ಈಗಿರುವುದು 165ರ ಟೈರು, ಅಂದರೆ 165 ಮಿ.ಮೀ. ಅಗಲದ್ದು. ಹಿಂದಿನಿಂದ ನೋಡಿದರೆ ಗಾಡಿ ಬಡಕಲಾಗಿ ಕಾಣುತ್ತದೆ, 195/60 (ಅಗಲ 195 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇಕಡಾ 60) ಹಾಕಲೇ ಎಂದು ಕೇಳಿದ್ದೀರಿ. ನನಗಿಂತ ಮೊದಲು ಉತ್ತರಿಸಿದ ಒಬ್ಬರು ‘ಧಾರಾಳವಾಗಿ ಹಾಕಿ’ ಎಂದೂ ಬರೆದಿದ್ದಾರೆ. ನನ್ನ ಉತ್ತರ: 195/60 ಬೇಡವೇ ಬೇಡ. 185/70 ಆಗಬಹುದು, ಅದೂ ಅಳತೆ ತೆಗೆದ ಮೇಲೆ. ಅಳತೆ ಒಪ್ಪದಿದ್ದರೆ ಒಳ್ಳೆಯ ಹೊಸ 165 ಹಾಕಿ ನೆಮ್ಮದಿಯಾಗಿರಿ.

ಮೊದಲು ರಿಮ್ಮಿನ ವಿಷಯ. ಕಾರ್ಖಾನೆಯಿಂದ ಬಂದ 60 ಕಡ್ಡಿಗಳ ಚಕ್ರದ ರಿಮ್ಮು ನಾಲ್ಕೂವರೆ ಇಂಚು ಅಗಲ. 195/60ಕ್ಕೆ ಕನಿಷ್ಠ ಐದೂವರೆ ಇಂಚು ಬೇಕು. ನಾಲ್ಕೂವರೆಯ ಮೇಲೆ ಅದನ್ನು ಕೂರಿಸುವುದು ಟೈರು ತಯಾರಕರ ನಿಯಮಕ್ಕೇ ವಿರುದ್ಧ. 185/70ಕ್ಕೆ ನಾಲ್ಕೂವರೆಯಿಂದ ಆರು ಇಂಚಿನವರೆಗೆ ಅನುಮತಿ ಇದೆ. ಆದರೆ ನಾಲ್ಕೂವರೆ ಎಂದರೆ ಕೊನೆಯ ಮೆಟ್ಟಿಲು. ಅಂಚುಗಳು ಒಳಕ್ಕೆ ಎಳೆದುಕೊಂಡು ಪಕ್ಕದ ಗೋಡೆ ಉಬ್ಬುತ್ತದೆ, ತಿರುವಿನಲ್ಲಿ ಸ್ಟೀರಿಂಗಿನ ಉತ್ತರ ಅರೆಕ್ಷಣ ತಡವಾಗಿ ಬರುತ್ತದೆ. ಹಿಡಿತ ಹೆಚ್ಚಲಿ ಎಂದು ಅಗಲ ಮಾಡಿದವರಿಗೆ ಸಿಗುವುದು ಸಡಿಲ. 185 ಚೆನ್ನಾಗಿ ಕೂರಬೇಕಾದರೆ ಐದು ಅಥವಾ ಐದೂವರೆ ಇಂಚಿನ ರಿಮ್ಮು ಬೇಕು.

ಇನ್ನು ಎತ್ತರ. 165/80 ಆರ್ 14ರ (14 ಎಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ) ವ್ಯಾಸ ಸುಮಾರು 620 ಮಿ.ಮೀ., 185/70ರದ್ದು 615. ಶೇಕಡಾ ಒಂದಕ್ಕಿಂತ ಕಡಿಮೆ ವ್ಯತ್ಯಾಸ, ಸ್ಪೀಡೋಮೀಟರಿಗೆ ಗೊತ್ತೂ ಆಗುವುದಿಲ್ಲ. 195/60ರದ್ದು 590. ಅಂದರೆ ಗಾಡಿ 15 ಮಿ.ಮೀ. ಕೆಳಗಿಳಿಯುತ್ತದೆ, ಹೆದ್ದಾರಿಯಲ್ಲಿ ಅದೇ ವೇಗಕ್ಕೆ ಎಂಜಿನ್ ಶೇಕಡಾ 5ರಷ್ಟು ಹೆಚ್ಚು ತಿರುಗುತ್ತದೆ, ಸ್ಪೀಡೋಮೀಟರು ಅಷ್ಟೇ ಹೆಚ್ಚು ತೋರಿಸುತ್ತದೆ. ಮೊದಲೇ ವೇಗತಡೆಗಳಿಗೆ ಸೈಲೆನ್ಸರ್ ತಾಗಿಸಿಕೊಳ್ಳುವ ಗಾಡಿ ಇದು. ಆ 15 ಮಿ.ಮೀ. ನಿಮಗೆ ಬೇಕಾಗುತ್ತದೆ.

ಈಗ ಮುಖ್ಯ ವಿಷಯ. ಎಲ್ಲರೂ ಕೇಳುವುದು ಟೈರು ಮಡ್ಗಾರ್ಡಿಗೆ ಉಜ್ಜುತ್ತದೆಯೇ ಎಂದು. ಕಡ್ಡಿ ಚಕ್ರದವರು ಕೇಳಬೇಕಾದ ಪ್ರಶ್ನೆ ಬೇರೆ: ಪಂಕ್ಚರ್ ಆದರೆ ಹಿಂದಿನ ಚಕ್ರ ಹೊರಗೆ ಬರುತ್ತದೆಯೇ? ನಟ್ಟು ಬಿಗಿಯುವ ಚಕ್ರವಾದರೆ ಬೋಲ್ಟುಗಳಿಂದ ಬಿಡಿಸಿ, ಸ್ವಲ್ಪ ವಾಲಿಸಿ, ಕೆಳಗಿನಿಂದ ಜಾರಿಸಿ ತೆಗೆಯಬಹುದು. ಕಡ್ಡಿ ಚಕ್ರ ಆಕ್ಸಲ್ ತುದಿಯ ಹಬ್ಬಿನ ಹಲ್ಲುಗಳ ಮೇಲೆ ನೇರವಾಗಿ ಹೊರಕ್ಕೆ ಜಾರಬೇಕು. ಹಲ್ಲು ಬಿಡುವವರೆಗೆ ವಾಲಿಸಲು ಸಾಧ್ಯವೇ ಇಲ್ಲ. ಅಷ್ಟರಲ್ಲಿ ಟೈರಿನ ಉಬ್ಬು ಮಡ್ಗಾರ್ಡಿನ ಮಡಿಕೆಗೆ ಸಿಕ್ಕಿಕೊಳ್ಳುತ್ತದೆ. 185 ಹಾಕಿಕೊಂಡ ಎಷ್ಟೋ ಮಾಲೀಕರು ಹಿಂದಿನ ಟೈರಿನ ಗಾಳಿ ಬಿಟ್ಟು ಚಕ್ರ ಕಳಚುತ್ತಾರೆ. ಕಳಚಲು ಅದು ಸರಿ, ಆದರೆ ಗಾಳಿ ತುಂಬಿದ ಬದಲಿ ಚಕ್ರವನ್ನು ಒಳಗೆ ಹಾಕುವಾಗ? ಅದರ ಗಾಳಿಯನ್ನೂ ಬಿಟ್ಟು, ಹಾಕಿ, ಮತ್ತೆ ತುಂಬಬೇಕು. ಮಳೆಯಲ್ಲಿ, ರಾತ್ರಿ, ಮೋಟಾರುದಾರಿಯ ಅಂಚಿನಲ್ಲಿ ಈ ಕಸರತ್ತು ಯಾರಿಗೂ ಬೇಡ.

ಆದ್ದರಿಂದ ಟೈರು ಕೊಳ್ಳುವ ಮೊದಲು ಗಾಡಿಯ ಜೊತೆ ಬಂದ ಜಾಕನ್ನೇ ಬಳಸಿ ಈಗಿನ ಚಕ್ರವನ್ನು ತೆಗೆದು ನೋಡಿ. ಆ ಜಾಕು ಬಾಗಿಲ ಕೆಳಗಿನ ತೂತಿಗೆ ಸಿಕ್ಕಿಕೊಂಡು ಬಾಡಿಯನ್ನು ಎತ್ತುತ್ತದೆ, ಆಕ್ಸಲ್ ತಾನಾಗಿ ಜೋತುಬೀಳುತ್ತದೆ. ಜೋತುಬಿದ್ದಷ್ಟೂ ಜಾಗ ಹೆಚ್ಚು, ಆದರೆ ಒಂದು ಪಟ್ಟಿ ಅದನ್ನು ಒಂದು ಮಟ್ಟದಲ್ಲಿ ತಡೆದು ನಿಲ್ಲಿಸುತ್ತದೆ. ಆಕ್ಸಲ್ಲಿಗೇ ಟ್ರಾಲಿ ಜಾಕು ಕೊಟ್ಟು ಎತ್ತಿದರೆ ಟೈರು ಮಡ್ಗಾರ್ಡಿನ ಒಳಗೇ ಉಳಿಯುತ್ತದೆ, ಪರೀಕ್ಷೆ ಸುಳ್ಳಾಗುತ್ತದೆ. ಅಂದ ಹಾಗೆ, ಜಾಕಿನ ತೂತಿನ ಸುತ್ತ ತುಕ್ಕು ಹಿಡಿದಿದ್ದರೆ ಈ ಪರೀಕ್ಷೆ ಮಾಡಬೇಡಿ. ಟೈರಿನ ದುಡ್ಡು ಮೊದಲು ಅಲ್ಲಿಗೆ ಹೋಗಲಿ.

ಅಳತೆಯನ್ನು ಗಾಡಿ ನೆಲದ ಮೇಲೆ ನಿಂತಾಗ ತೆಗೆಯಿರಿ. ಹಿಂದಿನ ಟೈರಿನ ಅತಿ ಉಬ್ಬಿದ ಜಾಗದಿಂದ ಮಡ್ಗಾರ್ಡಿನ ಒಳಮಡಿಕೆಗೆ ಎಷ್ಟು ಅಂತರ ಎಂದು ಎರಡೂ ಬದಿ ನೋಡಿ. ಎರಡೂ ಒಂದೇ ಇರುತ್ತದೆ ಎಂದು ನಂಬಬೇಡಿ. ಈ ಗಾಡಿಗಳಲ್ಲಿ ಸಾಮಾನ್ಯವಾಗಿ ಎಡಬದಿಯಲ್ಲಿ ಜಾಗ ಕಡಿಮೆ. ಲೆಕ್ಕ ಹೀಗಿದೆ: ನಾಲ್ಕೂವರೆ ರಿಮ್ಮಿನ ಮೇಲೆ 165ರ ಟೈರಿನ ಅಗಲ 165 ಮಿ.ಮೀ., ಐದೂವರೆ ರಿಮ್ಮಿನ ಮೇಲೆ 185/70ರದ್ದು 189. ರಿಮ್ಮಿನ ಮಧ್ಯರೇಖೆ ಬದಲಾಗದಿದ್ದರೆ ಪ್ರತಿ ಬದಿಗೆ 12 ಮಿ.ಮೀ. ಹೆಚ್ಚಾಯಿತು. ಹೊಸ ಚಕ್ರವನ್ನೂ ಕೊಳ್ಳುವುದಾದರೆ ಮಧ್ಯರೇಖೆ ಎಲ್ಲಿದೆ ಎಂದು ಮಾರುವವರನ್ನು ಕೇಳಿ, ಬರಹದಲ್ಲಿ ಪಡೆದುಕೊಳ್ಳಿ. ಉಳಿಯುವ ಅಂತರ ಎಲ್ಲವೂ ನಿಮ್ಮದೇ ಎಂದುಕೊಳ್ಳಬೇಡಿ. ಹಿಂದಿನ ಆಕ್ಸಲನ್ನು ಅತ್ತಿತ್ತ ಸರಿಯದಂತೆ ಹಿಡಿಯುವುದು ಲೀಫ್ ಸ್ಪ್ರಿಂಗುಗಳು ಮತ್ತು ಅವುಗಳ ರಬ್ಬರ್ ಬುಷ್ಷುಗಳು ಮಾತ್ರ. ಬುಷ್ಷು ಹಳತಾಗಿದ್ದರೆ ಜೋರು ತಿರುವಿನಲ್ಲಿ ಆಕ್ಸಲ್ ಪಕ್ಕಕ್ಕೆ ಸರಿಯುತ್ತದೆ. ಸಂಶಯವಿದ್ದರೆ ಮಡಿಕೆಯ ಒಳಗೆ ಮಕ್ಕಳ ಆಟದ ಜೇಡಿಮಣ್ಣನ್ನು ತೆಳ್ಳಗೆ ಮೆತ್ತಿ, ಹಿಂದೆ ಇಬ್ಬರನ್ನು ಕೂರಿಸಿಕೊಂಡು ಒಂದು ಸುತ್ತು ಹೊಡೆಯಿರಿ. ಟೈರು ಎಲ್ಲಿ ತಾಗಿತೋ ಅಲ್ಲಿ ಗುರುತು ಬಿದ್ದಿರುತ್ತದೆ. ಮಡಿಕೆಯನ್ನು ಬಡಿದು ಚಪ್ಪಟೆ ಮಾಡಿದರಾಯಿತು ಎನ್ನುವವರ ಮಾತು ಕೇಳಬೇಡಿ. ಒಳ ಹೊರ ತಗಡುಗಳು ಸೇರುವ ಜಾಗವದು. ಬಣ್ಣ ಬಿರಿದರೆ ತುಕ್ಕು ಅಲ್ಲಿಂದಲೇ ಶುರು.

ಹಿಡಿತದ ಬಗ್ಗೆಯೂ ಒಂದು ಮಾತು. 1962ರಲ್ಲಿ ಎಂಜಿಬಿ ಬಂದಾಗ ಅದರ ಕಾಲಿಗಿದ್ದದ್ದು 5.60-14 ಕ್ರಾಸ್‌ಪ್ಲೈ ಟೈರು (ಒಳಗಿನ ಎಳೆಗಳು ಓರೆಯಾಗಿ ಒಂದರ ಮೇಲೊಂದು ಹಾಯುವ ಹಳೆಯ ಬಗೆ). 1965ರ ಜಿಟಿಗೆ 165ರ ರೇಡಿಯಲ್ (ಎಳೆಗಳು ಅಡ್ಡಕ್ಕೆ ನೇರವಾಗಿರುವ ಈಗಿನ ಬಗೆ) ಕೊಟ್ಟರು. ಸ್ಟೀರಿಂಗ್, ಸ್ಪ್ರಿಂಗು ಎಲ್ಲ ಆ ಅಗಲವನ್ನು ನೋಡಿಕೊಂಡು ಮಾಡಿದ್ದು. ಪವರ್ ಸ್ಟೀರಿಂಗ್ ಇಲ್ಲದ ಗಾಡಿಗೆ ಅಗಲದ ಟೈರು ಹಾಕಿದರೆ ನಿಲ್ಲಿಸುವಾಗ ತೋಳು ನೋಯುತ್ತದೆ. ಹಗುರವಾದ ಗಾಡಿಗೆ ಅಗಲದ ಟೈರೆಂದರೆ ನೀರು ನಿಂತ ರಸ್ತೆಯಲ್ಲಿ ಬೇಗ ತೇಲುವುದೂ ಹೌದು, ಇಂಗ್ಲೆಂಡಿನ ಮಳೆ ನಿಮಗೆ ಗೊತ್ತೇ ಇದೆ. ‘ತಿರುವಿನಲ್ಲಿ ಜಾರುತ್ತದೆ’ ಎಂದು ನೀವು ಬರೆದಿದ್ದೀರಲ್ಲ, ನನ್ನ ಊಹೆಯಲ್ಲಿ ಅದಕ್ಕೆ ಕಾರಣ ಅಗಲವಲ್ಲ, ಟೈರಿನ ವಯಸ್ಸು. ಪಕ್ಕದ ಗೋಡೆಯಲ್ಲಿ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2311 ಎಂದಿದ್ದರೆ 2011ರ 23ನೇ ವಾರದಲ್ಲಿ ತಯಾರಾದದ್ದು. ವರ್ಷಕ್ಕೆ ಸಾವಿರ ಮೈಲಿಯೂ ಓಡದ ಗಾಡಿಯಲ್ಲಿ ಟೈರಿನ ಮೇಲ್ಮೈ ಸವೆಯುವುದಿಲ್ಲ, ರಬ್ಬರು ಮಾತ್ರ ಕಲ್ಲಾಗುತ್ತದೆ. ಬ್ರಿಟನ್ನಿನಲ್ಲಿ 2021ರಿಂದ ಲಾರಿ, ಬಸ್ಸುಗಳ ಮುಂದಿನ ಆಕ್ಸಲ್ಲಿಗೆ ಹತ್ತು ವರ್ಷ ದಾಟಿದ ಟೈರು ನಿಷಿದ್ಧ. ಕಾರಿಗೆ ಆ ಕಾನೂನಿಲ್ಲ, ರಬ್ಬರಿಗೆ ಆ ಭೇದ ತಿಳಿಯದು. ಹಾಗೆಯೇ ಹಿಂದಿನ ಲಿವರ್ ಮಾದರಿಯ ಡ್ಯಾಂಪರುಗಳಿಂದ (ಶಾಕ್ ಅಬ್ಸಾರ್ಬರುಗಳಿಂದ) ಎಣ್ಣೆ ಸೋರುತ್ತಿದೆಯೇ ನೋಡಿ. ಅವು ಸತ್ತಿದ್ದರೆ ಯಾವ ಟೈರೂ ರಸ್ತೆಗೆ ಅಂಟುವುದಿಲ್ಲ.

ಕೊಳ್ಳುವಾಗ 165 ಆರ್ 14 ಸಿ ಎಂದು ಕೊನೆಯಲ್ಲಿ ‘ಸಿ’ ಇರುವ ಟೈರು ಅಗ್ಗಕ್ಕೆ ಸಿಕ್ಕೀತು. ಅದು ಸರಕು ವ್ಯಾನಿನದು, ಗೋಡೆ ಗಟ್ಟಿ, ಬೇಡ. ವೇಗದ ಗುರುತು ‘ಟಿ’ ಇದ್ದರೆ 190 ಕಿ.ಮೀ.ವರೆಗೆ ಸಾಕು. ಹಳೆಯ ಕಡ್ಡಿ ಚಕ್ರದ ಒಳಗೆ ಟ್ಯೂಬು ಇರಲೇಬೇಕು, ಇಲ್ಲದಿದ್ದರೆ ಕಡ್ಡಿಗಳ ಬುಡದಿಂದ ಗಾಳಿ ಹೋಗುತ್ತದೆ. ಈಗಿನ ಟೈರುಗಳ ಒಳಗೆ ಕಾಗದದ ಚೀಟಿ ಅಂಟಿಸಿರುತ್ತಾರೆ. ಅದನ್ನು ಕಿತ್ತು ತೆಗೆಸಿ, ಇಲ್ಲದಿದ್ದರೆ ಅದೇ ಟ್ಯೂಬನ್ನು ಉಜ್ಜಿ ತೂತು ಮಾಡುತ್ತದೆ. ಗಾಳಿ ಒತ್ತಡ ಕೈಪಿಡಿಯಲ್ಲಿ ರೇಡಿಯಲ್ಲಿಗೆ ಮುಂದೆ 21, ಹಿಂದೆ 24 ಪಿಎಸ್‌ಐ. ಈಗ ಬಹಳ ಮಂದಿ ಎರಡು ಮೂರು ಹೆಚ್ಚು ಇಡುತ್ತಾರೆ, ನಾನೂ ಇಡುತ್ತೇನೆ. ಅಳತೆ ಬದಲಿಸಿದರೆ ವಿಮೆಯವರಿಗೆ ತಿಳಿಸಿ. 40 ವರ್ಷ ದಾಟಿದ ಗಾಡಿಗೆ ಎಂಒಟಿ (ಬ್ರಿಟನ್ನಿನ ವಾರ್ಷಿಕ ವಾಹನ ತಪಾಸಣೆ) ವಿನಾಯಿತಿ ಇದ್ದರೂ ಟೈರು ಬಾಡಿಗೆ ಉಜ್ಜುವ ಗಾಡಿಯನ್ನು ರಸ್ತೆಗೆ ತರುವುದು ತಪ್ಪೇ.

ಎಡಬದಿಯ ಅಂತರ ಅಳೆದು ಇಲ್ಲಿ ಬರೆಯಿರಿ, ಜೊತೆಗೆ ಕಡ್ಡಿಗಳನ್ನೂ ಎಣಿಸಿ. ಹಿಂದಿನ ಮಾಲೀಕರು 72 ಕಡ್ಡಿಯ ಅಗಲದ ಚಕ್ರ ಹಾಕಿಸಿದ್ದರೂ ಇರಬಹುದು. ಈಗಿನ 165ಕ್ಕೇ 25 ಮಿ.ಮೀ.ಗಿಂತ ಕಡಿಮೆ ಜಾಗ ಉಳಿದಿದ್ದರೆ 185ರ ಆಸೆ ಬಿಟ್ಟುಬಿಡಿ.