ನನ್ನ ಮುಟ್ಟಿನ ಚಕ್ರ 32 ದಿನದ್ದು. ಗರ್ಭ ನಿಲ್ಲಲು ಯಾವ ದಿನಗಳು ಸೂಕ್ತ, ಮೊದಲೇ ಏನು ತಯಾರಿ ಬೇಕು?

ಮುಟ್ಟು ಶುರುವಾದ ದಿನದಿಂದ 14ನೇ ದಿನ ಅಂಡಾಣು ಬಿಡುಗಡೆಯಾಗುತ್ತದೆ ಎಂಬ ಲೆಕ್ಕ 28 ದಿನದ ಚಕ್ರಕ್ಕೆ ಮಾತ್ರ. ಮುಂದಿನ ಮುಟ್ಟಿನಿಂದ ಸುಮಾರು 14 ದಿನ ಹಿಂದಕ್ಕೆ ಎಣಿಸಿ. ನಿಮಗೆ ಅಂಡಾಣು ಬಿಡುಗಡೆಯಾಗುವುದು 18ನೇ ದಿನದ ಆಸುಪಾಸು. ಅಂಡಾಣು ಬದುಕುವುದು 12ರಿಂದ 24 ಗಂಟೆ, ವೀರ್ಯಾಣು 5 ದಿನದವರೆಗೂ. ಹಾಗಾಗಿ 13ರಿಂದ 18ನೇ ದಿನದವರೆಗೆ ದಿನ ಬಿಟ್ಟು ದಿನ ಸೇರಿದರೆ ಸಾಕು. ಬಿಳಿಸ್ರಾವ ತಿಳಿಯಾಗಿ, ಹಸಿ ಮೊಟ್ಟೆಯ ಲೋಳೆಯಂತೆ ಬೆರಳುಗಳ ನಡುವೆ ಎಳೆ ಬಂದರೆ ಅದೇ ಒಳ್ಳೆಯ ಸಮಯ. ಬೆಳಗಿನ ಮೈಬಿಸಿ ಏರುವುದು ಅಂಡಾಣು ಹೊರಬಂದ ಮೇಲೆ. ಅದಕ್ಕೆ ಕಾದರೆ ತಡವಾಗುತ್ತದೆ.

ಫೋಲಿಕ್ ಆಸಿಡ್ ದಿನಕ್ಕೆ 400 ಮೈಕ್ರೋಗ್ರಾಂ, ಕನಿಷ್ಠ ಒಂದು ತಿಂಗಳು ಮುಂಚಿನಿಂದಲೇ ತೆಗೆದುಕೊಳ್ಳಿ. ಇದನ್ನು ಮಾತ್ರ ಮುಂದೂಡಬೇಡಿ: ಮಗುವಿನ ನರನಾಳ (ಮುಂದೆ ಮೆದುಳು, ಬೆನ್ನುಹುರಿಯಾಗುವ ಭಾಗ) ಮುಚ್ಚಿಕೊಳ್ಳುವ ಹೊತ್ತಿಗೆ ಎಷ್ಟೋ ಮಂದಿಗೆ ಬಸಿರೆಂದೇ ಗೊತ್ತಿರುವುದಿಲ್ಲ. ಫಿಟ್ಸ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅಥವಾ ಮಧುಮೇಹ ಇದ್ದರೆ ಫೋಲಿಕ್ ಆಸಿಡ್ ಪ್ರಮಾಣವನ್ನು ವೈದ್ಯರೇ ಹೇಳಬೇಕು. ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ.