ಮೊದಲು ‘ಕೊಟ್ಟೆ’ ಅಂತಿದ್ದ ಮಗ ಈಗ ‘ಕೊಡಿದೆ’ ಅಂತಾನೆ, ಮಾತು ಹಿಂದಕ್ಕೆ ಹೋಗ್ತಿದೆಯಾ?

ಮಗನಿಗೆ ಮೂರು ವರ್ಷ, ಮೊದಲು ಸರಿಯಾಗಿ ಹೇಳುತ್ತಿದ್ದ ಪದವನ್ನೇ ಈಗ ತಪ್ಪು ಹೇಳುತ್ತಾನೆ, ತಿದ್ದಿದರೂ ಪ್ರಯೋಜನವಿಲ್ಲ ಅಂತ ಬರೆದಿದ್ದೀರಿ. ನನ್ನ ಮಗಳೂ ಇದನ್ನೇ ಮಾಡಿದ್ದಳು. ನಾನೂ ಹೀಗೇ ಗಾಬರಿಯಾಗಿದ್ದೆ.

ಈಗ ಅವನ ಜಾಗದಲ್ಲಿ ನಿಂತು ನೋಡಿ. ಮಾಡು, ಮಾಡಿದೆ. ನೋಡು, ನೋಡಿದೆ. ಓಡು, ಓಡಿದೆ. ಹಾಗಾದರೆ ಕೊಡು? ಲೆಕ್ಕದ ಪ್ರಕಾರ ‘ಕೊಡಿದೆ’ ಆಗಬೇಕು ಅಲ್ವಾ? ಮೊದಲು ಅವನು ‘ಕೊಟ್ಟೆ’ಯನ್ನು ಇಡಿಯಾಗಿ ಕೇಳಿ ಹಾಗೇ ಒಪ್ಪಿಸುತ್ತಿದ್ದ. ಈಗ ಪದವನ್ನು ಬಿಡಿಸಿ, ಜೋಡಿಸಿ ನೋಡುತ್ತಿದ್ದಾನೆ. ಮನೆಯಲ್ಲಿ ದೊಡ್ಡವರು ಯಾರೂ ‘ಕೊಡಿದೆ’ ಅನ್ನುವುದಿಲ್ಲವಲ್ಲ, ಹಾಗಾಗಿ ಇದು ಯಾರನ್ನೋ ನೋಡಿ ಕಲಿತದ್ದಲ್ಲ, ಅವನದೇ ತಯಾರಿ.

ಇನ್ನೊಂದು ಮಜಾ ಇದೆ. ಕೊಡು, ಬಿಡು, ಇಡು, ಸುಡು, ಎಲ್ಲದರಲ್ಲೂ ಮೊದಲ ಅಕ್ಷರ ಹ್ರಸ್ವ. ಅವು ಕೊಟ್ಟೆ, ಬಿಟ್ಟೆ, ಇಟ್ಟೆ, ಸುಟ್ಟೆ ಆಗುತ್ತವೆ. ದೀರ್ಘ ಇದ್ದರೆ ಮಾಡಿದೆ, ನೋಡಿದೆ. ಅಂದರೆ ‘ಕೊಟ್ಟೆ’ಯ ಹಿಂದೆಯೂ ಒಂದು ಕ್ರಮ ಇದೆ, ಅದು ಅವನ ಕೈಗೆ ಇನ್ನೂ ಸಿಕ್ಕಿಲ್ಲ ಅಷ್ಟೇ. ನಿಜ ಹೇಳಬೇಕೆಂದರೆ, ನನಗೂ ಇದು ಹೊಳೆದದ್ದು ಮಗಳ ತಪ್ಪು ಕೇಳಿದ ಮೇಲೆಯೇ.

ಇಂಗ್ಲಿಷ್ ಮಕ್ಕಳೂ ‘ಗೋ’ (ಹೋಗು) ಪದಕ್ಕೆ ‘ವೆಂಟ್’ ಬಿಟ್ಟು ‘ಗೋಡ್’ (goed) ಅನ್ನುತ್ತಾರೆ. 1958ರಲ್ಲಿ ಜೀನ್ ಬರ್ಕೊ ಎಂಬ ಸಂಶೋಧಕಿ ಮಕ್ಕಳಿಗೆ ಒಂದು ವಿಚಿತ್ರ ಪ್ರಾಣಿಯ ಚಿತ್ರ ತೋರಿಸಿ, ಇದು ‘ವಗ್’ ಅಂದರು. ಅದು ಸುಮ್ನೆ ಕಟ್ಟಿದ ಪದ. ಎರಡು ಇದ್ದರೆ ಏನಂತಾರೆ ಎಂದು ಕೇಳಿದಾಗ ಹೆಚ್ಚಿನ ಮಕ್ಕಳು ‘ವಗ್ಸ್’ ಅಂದರು. ಎಂದೂ ಕೇಳದ ಪದಕ್ಕೂ ಬಹುವಚನ ಸಿದ್ಧ!

ತಿದ್ದುವ ವಿಷಯಕ್ಕೆ ಬಂದರೆ, ನನ್ನ ಅನುಭವ ಇಷ್ಟು:

“ಅಪ್ಪ, ನಾನು ಪಾಪುಗೆ ಚೆಂಡು ಕೊಡಿದೆ.”
“ಕೊಡಿದೆ ಅಲ್ಲ ಪುಟ್ಟಿ, ಕೊಟ್ಟೆ.”
“ಹೂಂ, ಕೊಡಿದೆ.”

ಅವಳ ಗಮನ ಇದ್ದದ್ದು ಚೆಂಡಿನ ಮೇಲೆ. ದೊಡ್ಡವರೂ ಹಾಗೇ. ರೋಜರ್ ಬ್ರೌನ್ ಮತ್ತು ಕ್ಯಾಮಿಲ್ ಹ್ಯಾನ್ಲನ್ ಎಂಬ ಸಂಶೋಧಕರು 1970ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಂದೆತಾಯಿ ಮಗುವಿನ ಮಾತು ನಿಜವೋ ಸುಳ್ಳೋ ಎಂದು ನೋಡಿ ಒಪ್ಪುತ್ತಿದ್ದರೇ ಹೊರತು ವ್ಯಾಕರಣ ನೋಡಿ ಅಲ್ಲ. ಆಮೇಲಾಮೇಲೆ ನಾನು “ಹೌದಾ, ಪಾಪುಗೆ ಕೊಟ್ಟೆಯಾ? ಯಾವ ಚೆಂಡು ಕೊಟ್ಟೆ?” ಅಂತ ಮಾತು ಮುಂದುವರಿಸತೊಡಗಿದೆ. ಸರಿಯಾದ ರೂಪ ಅವಳ ಕಿವಿಗೆ ಬೀಳುತ್ತಿತ್ತು, ಜಗಳವೂ ಇಲ್ಲ. ‘ಕೊಡಿದೆ’ ಯಾವಾಗ ನಿಂತಿತೋ ಗೊತ್ತೇ ಆಗಲಿಲ್ಲ.

ಆದರೆ ಗೊತ್ತಿದ್ದ ಪದಗಳೇ ಮಾಯವಾದರೆ, ಮಾತೇ ಕಡಿಮೆಯಾದರೆ ಅಥವಾ ಕರೆದರೆ ತಿರುಗದಿದ್ದರೆ ಅದು ಬೇರೆ ವಿಷಯ. ಆಗ ಕಾಯದೆ ವೈದ್ಯರಿಗೆ ತೋರಿಸಿ, ಕಿವಿಯ ಪರೀಕ್ಷೆಯನ್ನೂ ಮಾಡಿಸಿ.